ರೂಬೆನ್‌ಗೆ ಯಾವ ರಾಗ

ಎಫ್ರಾಯಿಮ್ ಬೈಟೆಲನಿಗೆ ಎಬೆನೇಜರ್ ಊರಿನಲ್ಲಿ ಎರಡು ಹೆಸರಿದ್ದವು. ಎದುರಿಗೆ ಬೈಟೆಲಣ್ಣ, ಬೆನ್ನ ಹಿಂದೆ ಹಿತ್ತಾಳೆ ಬೈಟೆಲ್. ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ತಗಡಿನ ಕೆಲಸ. ಒಲೆಯ ಹೊಗೆಕೊಳವೆ, ಸೂರಿನ ದೋಣಿ, ಹಾಲಿನ ಕ್ಯಾನು, ತೂತು ಬಿದ್ದ ಕೆಟಲು. ಅಂಗಡಿಯ ಹಿಂದಿನ ಕೋಣೆಗೆ ಕಾಲಿಟ್ಟರೆ ಮಾತ್ರ ತಗಡಿನ ಸುದ್ದಿಯೇ ಇಲ್ಲ. ಗೋಡೆಯುದ್ದಕ್ಕೂ, ಕೊಳವೆ ಜಾರಿಸುತ್ತ ಊದುವ ಹಳೆಯ ಹಿತ್ತಾಳೆ ಟ್ರೊಂಬೋನ್‌ಗಳು ತೂಗುತ್ತಿದ್ದವು. ಪೆನ್ಸಿಲ್ವೇನಿಯಾದ ನಮ್ಮ ಮೊರೇವಿಯನ್ ಕ್ರೈಸ್ತ ಸಭೆಗಳೆಲ್ಲ ಹೊಳೆಯುವ ಹೊಸ ವಾದ್ಯ ತರಿಸಿಕೊಂಡು ಹಳೆಯದನ್ನು ಗುಜರಿಗೆ ಹಾಕುತ್ತಿದ್ದ ಕಾಲವದು. ಇವನು ಅದನ್ನು ಹುಡುಕಿಕೊಂಡು ಹೋಗುತ್ತಿದ್ದ.

ಒಂದನ್ನು ಕೋಳಿಗೂಡಿನಿಂದ ಬಿಡಿಸಿ ತಂದಿದ್ದ. ಅದರ ಮೇಲೆ ಕೋಳಿಗಳು ಕೂತು ನಿದ್ದೆ ಮಾಡುತ್ತಿದ್ದವಂತೆ. ಇನ್ನೊಂದನ್ನು ಯಾವನೋ ರೈತ ಆಳುಗಳನ್ನು ಊಟಕ್ಕೆ ಕೂಗಲು ಇಟ್ಟುಕೊಂಡಿದ್ದ. ಅದಕ್ಕೆ ಬದಲಾಗಿ ಎಫ್ರಾಯಿಮ್ ಒಂದು ಹೊಸ ಒಲೆಯನ್ನೇ ಕೊಟ್ಟು ಬಂದ. ಆ ಒಲೆ ತನ್ನ ಅಡುಗೆಮನೆಗೆಂದು ಬಂದದ್ದು ಎಂದು ಅವನ ಹೆಂಡತಿ ಲವೀನಾಗೆ ಗೊತ್ತಿತ್ತು. ಜಾರುಕೊಳವೆ ನುಣುಪಾಗಿ ಓಡಲು ಅವನು ಸವರುತ್ತಿದ್ದದ್ದು ಅವಳ ಮುಖಕ್ಕೆ ಹಚ್ಚುವ ಕ್ರೀಮು.

"ನನ್ನ ಕೆನ್ನೆ ಒಡೆದು ಬಿರುಕು ಬಿಟ್ಟಿದೆ, ಅದರ ಮೈ ನೋಡು ಹೇಗೆ ಮಿಂಚ್ತಿದೆ," ಎನ್ನುತ್ತಿದ್ದಳು. "ನೀನು ಅದನ್ನೇ ಕಟ್ಕೋಬೇಕಿತ್ತು."

"ಅದು ಎದುರು ಮಾತಾಡಲ್ಲ ಅನ್ನೋದು ನಿಜ," ಎನ್ನುತ್ತಿದ್ದ ಅವನು.

ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಎನ್ನುತ್ತಾರಲ್ಲ. ಇವನಿಗೆ ಮದುವೆಯೂ ಆಯಿತು, ಹುಚ್ಚೂ ಉಳಿಯಿತು.

ಗೋಡೆಯ ಮೇಲಿನವುಗಳಲ್ಲಿ ನಾಲ್ಕನ್ನು ಮಾತ್ರ ಅವನು ಬೇರೆಯಾಗಿ, ಮಖಮಲ್ಲಿನ ಮೇಲೆ ಮಲಗಿಸಿಟ್ಟಿದ್ದ. ಇನ್ನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಒಬ್ಬನೇ ಕಸುಬುದಾರ ಮಾಡಿದ ನಾಲ್ಕು ಒಡಹುಟ್ಟಿದವು. ಬಾಯಂಚಿನಲ್ಲಿ ನಾಲ್ಕಕ್ಕೂ ಒಂದೇ ದೇವದೂತನ ಮುಖ ಕೆತ್ತಿತ್ತು. ದೊಡ್ಡದು ಎಷ್ಟು ಉದ್ದವೆಂದರೆ ಕೈ ಸಾಲದೆ ಜಾರುಕೊಳವೆಗೆ ಒಂದು ಹಿಡಿ ಹಾಕಿದ್ದರು. ಅದನ್ನು ಎಫ್ರಾಯಿಮನೇ ಊದುತ್ತಿದ್ದ. ಕಿರಿಯದು ಮೊಳದುದ್ದ ಇದ್ದೀತು. ಆ ಜಾತಿಯದು ಈಗ ಎಲ್ಲೂ ಸಿಗುವುದಿಲ್ಲ, ಸಿಕ್ಕರೂ ಊದುವವರು ಸಿಗುವುದಿಲ್ಲ. ಕೂದಲೆಳೆಯಷ್ಟು ಜಾರಿದರೂ ಶ್ರುತಿ ತಪ್ಪುತ್ತದೆ. ಆದರೆ ರಾಗ ಹೊರುವುದು ಅದೇ, ಉಳಿದ ಮೂರು ಅದರ ಹಿಂದೆ ನಡೆಯುತ್ತವೆ. ಬಾಲಕಿಯರ ಶಾಲೆಯೊಂದರ ಅಟ್ಟದಲ್ಲಿ ಹಳೆಯ ಲಂಗದೊಳಗೆ ಸುತ್ತಿಟ್ಟಿದ್ದ ಅದನ್ನು ಬಿಚ್ಚಿದಾಗ, ತುಟಿಗೆ ಒತ್ತಿ ಊದುವ ಮೂಲದ ಬಟ್ಟಲೂ ಅದರ ಜೊತೆಗೇ ಇತ್ತು. ತುಟಿಬಟ್ಟಲು ಮೊದಲು ಕಳೆದುಹೋಗುವ ವಸ್ತು. ಹಳೆಯ ವಾದ್ಯ ಸಿಗಬಹುದು, ಅದರ ಬಟ್ಟಲು ಸಿಗುವುದಿಲ್ಲ. ಆ ದಿನ ಎಫ್ರಾಯಿಮ್ ಅಟ್ಟದಲ್ಲೇ ಕೂತು ಅತ್ತಿದ್ದನ್ನು ಶಾಲೆಯ ಹೆಣ್ಣುಮಕ್ಕಳು ಬಹಳ ಕಾಲ ಹೇಳಿಕೊಂಡು ನಕ್ಕರು.

ನಮ್ಮೂರಿನಲ್ಲಿ ಸಾವಿನ ಸುದ್ದಿ ಬಾಯಿಂದ ಬರುವುದಿಲ್ಲ, ಗಂಟೆಗೋಪುರದಿಂದ ಬರುತ್ತದೆ. ಟ್ರೊಂಬೋನಿನವರು ಮೇಲೆ ಹತ್ತಿ ಮೂರು ರಾಗ ಊದುತ್ತಾರೆ. ಮೊದಲನೆಯದು, ಯಾರೋ ಮನೆಗೆ ಹೋದರು ಎನ್ನುತ್ತದೆ. ಸತ್ತರು ಎನ್ನುವ ಮಾತನ್ನು ನಾವು ಆಡುವುದಿಲ್ಲ. ಎರಡನೆಯದು ಯಾವ ಬಳಗದವರು ಎನ್ನುತ್ತದೆ. ಮದುವೆಯಾದ ಗಂಡಸರಿಗೆ ಒಂದು ರಾಗ, ಆಗದ ಗಂಡಸರಿಗೆ ಬೇರೊಂದು. ಮುತ್ತೈದೆಗೆ ಒಂದು, ವಿಧವೆಗೆ ಒಂದು, ವಿಧುರನಿಗೆ ಒಂದು, ಎಳೆಮಕ್ಕಳಿಗೆ ಒಂದು. ಮೂರನೆಯದು ಮತ್ತೆ ಮೊದಲಿನದೇ. ಎರಡನೆಯ ರಾಗ ಶುರುವಾಗುತ್ತಲೇ ರೊಟ್ಟಿ ನಾದುತ್ತಿದ್ದ ಕೈ ನಿಲ್ಲುತ್ತದೆ. ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂಬುದು ಊರಿಗೆಲ್ಲ ಗೊತ್ತಿರುವುದರಿಂದ ಹೆಸರು ಬೇಕಾಗುವುದಿಲ್ಲ. ಆಮೇಲೆ ಹೂಳುವುದೂ ಹಾಗೆಯೇ, ಬಳಗದ ಪ್ರಕಾರ, ಒಂದೇ ಅಳತೆಯ ಚಪ್ಪಡಿಯ ಕೆಳಗೆ.

ಬಹಳ ಹಿಂದೆ ಇದರಲ್ಲಿ ಒಂದು ತಪ್ಪು ಆಗಿತ್ತು. ಶ್ರಾಪ್ ಮುದುಕನ ಹೆಂಡತಿ ತೀರಿಕೊಂಡಾಗ ಯಾರೋ ಓಡಿಬಂದು "ಶ್ರಾಪ್ ಮನೇಲಿ ಹೋದ್ರು" ಎಂದಷ್ಟೇ ಹೇಳಿದರು. ಮುದುಕನೇ ಹೋದನೆಂದುಕೊಂಡು ಇವರು ಮದುವೆಯಾದ ಗಂಡಸರ ರಾಗ ಊದಿಬಿಟ್ಟರು. ಮುದುಕ ಹೆಂಡತಿಯ ಹಾಸಿಗೆಯ ಪಕ್ಕ ಕೂತು ತನ್ನ ಸಾವನ್ನು ತಾನೇ ಕೇಳಿಸಿಕೊಂಡ. ಕೋಲು ಹಿಡಿದು ಗೋಪುರದ ಬುಡಕ್ಕೆ ಬಂದು, "ನಾನಿನ್ನೂ ಇದ್ದೀನಿ ಕಣ್ರೋ, ಅವಳಿಗೆ ಸಲ್ಲಬೇಕಾದ್ದನ್ನ ನಂಗ್ಯಾಕೆ ಕೊಟ್ರಿ?" ಎಂದು ಕೂಗಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಊರು ಮೊದಲು ನಕ್ಕಿತು, ಆಮೇಲೆ ನಾಚಿತು. ಅದಾದ ಮೇಲೆ ಟ್ರೊಂಬೋನಿನ ಮುಖ್ಯಸ್ಥನಾದ ಎಫ್ರಾಯಿಮ್ ಒಂದು ನಿಯಮ ಮಾಡಿಕೊಂಡ. ಸಾವಾದ ಮನೆಗೆ ತಾನೇ ಹೋಗಬೇಕು. ಅಡುಗೆಮನೆಯ ಬಾಗಿಲ ಹೊರಗೆ ಟೋಪಿ ತೆಗೆದು ನಿಂತು, "ಈ ಮನೆಯಿಂದ ಯಾರು ಮನೆಗೆ ಹೋದರು? ಯಾವ ಬಳಗದವರು?" ಎಂದು ಕೇಳಬೇಕು. ಮನೆಯವರು ಬಾಯಿಬಿಟ್ಟು ಹೇಳಬೇಕು. ಹೇಳದೆ ಅವನು ಮೆಟ್ಟಿಲು ಹತ್ತುತ್ತಿರಲಿಲ್ಲ. ಮುಂದೆಂದೂ ಅವನ ರಾಗ ತಪ್ಪಲಿಲ್ಲ.

ಅವನ ಮಗ ರೂಬೆನ್ ಕಿರಿಯದನ್ನು ಕೈಗೆತ್ತಿಕೊಂಡದ್ದು ಮೀಸೆ ಮೂಡುವ ವಯಸ್ಸಿನಲ್ಲಿ. ಅಪ್ಪನಿಗೆ ಎಷ್ಟು ಸಾಧನೆ ಮಾಡಿದರೂ ಬಗ್ಗದ ಆ ವಾದ್ಯ ಮಗನ ತುಟಿಗೆ ತಾನಾಗಿ ಬಂದು ಕೂತಿತು. ಹೊಸ ವಾದ್ಯಗಳು ಕಿರುಚುತ್ತವೆ, ಹಳೆಯವು ಮಾತಾಡುತ್ತವೆ ಎಂದು ಎಫ್ರಾಯಿಮ್ ಸದಾ ಹೇಳುತ್ತಿದ್ದ. ಕಿರಿಯದು ರೂಬೆನ್‌ನ ಬಾಯಲ್ಲಿ ಮಾತಾಡುತ್ತಿತ್ತು. ಈಸ್ಟರ್ ದಿನ ಕತ್ತಲಿರುವಾಗಲೇ ಬೀದಿಬೀದಿ ಊದಿಕೊಂಡು ಊರನ್ನು ಎಬ್ಬಿಸುವಾಗ ಮುಂದೆ ರೂಬೆನ್, ಹಿಂದೆ ದೊಡ್ಡದನ್ನು ಹೊತ್ತ ಅಪ್ಪ. ತುಟಿಬಟ್ಟಲು ಯಾವಾಗಲೂ ರೂಬೆನ್‌ನ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಅಂಗಿ ಒಗೆಯುವಾಗ ತಾಯಿ ತೆಗೆದಿಟ್ಟರೂ ಸಿಡುಕುತ್ತಿದ್ದ. "ಅಮ್ಮ, ಅದನ್ನ ಮುಟ್ಬೇಡ, ತಣ್ಣಗಾದ್ರೆ ಮುನಿಸಿಕೊಳ್ಳುತ್ತೆ."

ಹೆತ್ತವರಿಗೆ ಹೆಗ್ಗಣವೂ ಮುದ್ದು, ಇವನಂತೂ ಹೆಗ್ಗಣವೂ ಅಲ್ಲ. ಲವೀನಾ ಅವನ ಮೇಲೆ ಜೀವ ಇಟ್ಟುಕೊಂಡಿದ್ದಳು. ಕೆಟ್ಟ ಹೆಂಗಸಲ್ಲ ಅವಳು, ನಾಲಗೆ ಮಾತ್ರ ಸ್ವಲ್ಪ ಹರಿತ. ಒಂದು ರಾತ್ರಿ ಊಟದ ಮೇಜಿನಲ್ಲಿ, ಬೇಕರಿ ನಡೆಸುವ ಓವೆನ್ ಕ್ಲೆವೆಲ್‌ನ ಅಕ್ಕನ ಮಗ ನದಿಯಾಚೆ ರೇಷ್ಮೆ ಗಿರಣಿಯ ಸ್ಲೊವಾಕ್ ಹುಡುಗಿಯೊಬ್ಬಳನ್ನು, ಅದೂ ಕ್ಯಾಥೊಲಿಕಳನ್ನು, ಮದುವೆಯಾದ ಮಾತು ಬಂತು.

"ಅಂಥವಳು ನಮ್ಮನೆ ಹೊಸ್ತಿಲು ತುಳಿದ ದಿನ ನಾನು ಹಿತ್ತಿಲ ಬಾಗಿಲಿಂದ ಹೊರಟುಹೋಗ್ತೀನಿ," ಎಂದಳು ಲವೀನಾ, ಮಗನ ತಟ್ಟೆಗೆ ಇನ್ನೊಂದು ತುಂಡು ಸಕ್ಕರೆ ಕೇಕು ಇಡುತ್ತ.

ಎಫ್ರಾಯಿಮ್ ನಕ್ಕ. ರೂಬೆನ್ ತಲೆಯೆತ್ತದೆ ಕೇಕು ತಿಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಗ ಅದು ಯಾರಿಗೂ ಗೊತ್ತಾಗಲಿಲ್ಲ.

ಕೊರಿಯಾ ಯುದ್ಧಕ್ಕೆ ರೂಬೆನ್‌ಗೆ ಕರೆ ಬಂತು. ಹೊರಡುವ ದಿನ ಬೆಳಿಗ್ಗೆ ಎಫ್ರಾಯಿಮ್ ಕಿರಿಯದನ್ನು ಒರೆಸಿ ಮಲಗಿಸಲು ಹೋದ. ಬಟ್ಟಲು ಇರಲಿಲ್ಲ. ಬಸ್ಸು ನಿಲ್ಲುವಲ್ಲಿ ಲವೀನಾ ಮಗನ ಕಾಲರು ಸರಿಮಾಡುತ್ತಿದ್ದಾಗ, ಬಸ್ಸಿನ ಬಾಗಿಲು ಮುಚ್ಚುವ ಮೊದಲು, ಅಪ್ಪ ಮಗನಿಗೆ ಹೇಳಿದ ಕೊನೆಯ ಮಾತು ಇದು: "ಬಟ್ಟಲು ಎಲ್ಲಿಟ್ಟೆ?"

"ಭದ್ರವಾಗಿದೆ ಅಪ್ಪ," ಎಂದ ರೂಬೆನ್.

ಚಳಿಗಾಲದಲ್ಲಿ ತಂತಿ ಬಂತು. ಕಾಣೆಯಾಗಿದ್ದಾನೆ, ಅಷ್ಟೇ. ಬದುಕಿದ್ದಾನೆ ಎಂದಿಲ್ಲ, ಇಲ್ಲ ಎಂದೂ ಇಲ್ಲ. ಲವೀನಾ ಅವನ ಹಾಸಿಗೆಯ ಹೊದಿಕೆಯನ್ನು ಪ್ರತಿ ಶನಿವಾರ ಬದಲಾಯಿಸುತ್ತ ಬಂದಳು. ಎಫ್ರಾಯಿಮ್ ಮನೆಯಲ್ಲಿ ಬಟ್ಟಲು ಹುಡುಕಿದ. ಅಟ್ಟ, ಪೆಟ್ಟಿಗೆ, ಹಳೆಯ ಬೂಟುಗಳ ಒಳಗೆ. ಮಗ ಕಾಣೆಯಾಗಿರುವಾಗ ಬಟ್ಟಲು ಹುಡುಕುವ ತಂದೆಯನ್ನು ನೀವು ಏನಾದರೂ ಅನ್ನಿ. ಅದು ಸಿಕ್ಕರೆ ಅವನೂ ಸಿಗುತ್ತಾನೆ ಎನ್ನಿಸುತ್ತಿತ್ತಂತೆ ಅವನಿಗೆ. ಗೋಪುರದಲ್ಲಿ ಕಿರಿಯದರ ಜಾಗದಲ್ಲಿ ಟ್ರಂಪೆಟ್ಟು ನಿಂತಿತು. ಎಫ್ರಾಯಿಮ್ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಯುದ್ಧ ನಿಂತು ಸೆರೆಯಾಳುಗಳನ್ನು ಬಿಟ್ಟರು. ಬಂದವರಲ್ಲಿ ರೂಬೆನ್ ಇರಲಿಲ್ಲ. ಎಲೆ ಉದುರುವ ಕಾಲಕ್ಕೆ ಓಹಾಯೋ ಕಡೆಯ ಒಬ್ಬ ಬಡಕಲು ಹುಡುಗ ತಗಡಿನ ಅಂಗಡಿಗೆ ಬಂದು ನಿಂತ. ಹೆಸರು ಹಾರ್ಲನ್. ರೂಬೆನ್‌ನ ಜೊತೆ ಅದೇ ಶಿಬಿರದಲ್ಲಿ ಇದ್ದವನು.

"ಮೊದಲ್ನೇ ಚಳಿಗಾಲದಲ್ಲೇ ಹೋದ ಸರ್," ಎಂದ. "ಭೇದಿ, ಆಮೇಲೆ ಚಳಿ. ನನ್ನ ಪಕ್ಕದಲ್ಲೇ ಮಲಗಿದ್ದ. ಬೆಳಿಗ್ಗೆ ಎದ್ದಾಗ ಇರ್ಲಿಲ್ಲ."

ಎಫ್ರಾಯಿಮ್ ಕೈಯಲ್ಲಿದ್ದ ತಗಡಿನ ಕತ್ತರಿಯನ್ನು ಮೇಜಿನ ಮೇಲಿಟ್ಟ. ಕೂರು ಎಂದ. ಹುಡುಗ ಕೂರಲಿಲ್ಲ.

"ಕೊನೆಕೊನೆಗೆ ತುಟಿ ಬಿಗಿ ಹಿಡಿದು ಸುಮ್ನೆ ಗಾಳಿ ಊದ್ತಿದ್ದ, ಬುರ್ ಅಂತ. ಏನೋ ಇದು ಅಂದ್ರೆ ನಗ್ತಿದ್ದ. ನಾನು ಸತ್ರೆ ನಮ್ಮಪ್ಪ ತಪ್ಪು ರಾಗ ಊದ್ತಾನೆ ನೋಡ್ತಿರು, ಜೀವಮಾನದಲ್ಲಿ ಅದೊಂದು ಸಲ ತಪ್ತಾನೆ ಅಂತಿದ್ದ. ನಂಗೆ ಅದು ಅರ್ಥ ಆಗ್ಲಿಲ್ಲ ಸರ್. ನಿಮಗೇನಾದ್ರೂ ಆಗುತ್ತಾ?"

"ಇಲ್ಲ," ಎಂದ ಎಫ್ರಾಯಿಮ್.

"ಮತ್ತೆ ಮಿಲ್ಕಾಗೆ ಹೇಳಿದ್ದಾರಾ ಯಾರಾದ್ರೂ? ಅವನ ಹೆಂಡ್ತಿಗೆ?"

ಆಗ ಅರ್ಥವಾಯಿತು.

ಸಂಜೆ ಎಫ್ರಾಯಿಮ್ ಅಂಗಡಿ ಮುಚ್ಚಿ ಮನೆಗೆ ಬಂದ, ಒಳಗೆ ಹೋಗಲಿಲ್ಲ. ಹಿತ್ತಿಲಿಗೆ ಸುತ್ತಿ ಬಂದು ಅಡುಗೆಮನೆಯ ಬಾಗಿಲ ಹೊರಗೆ ನಿಂತು ಟೋಪಿ ತೆಗೆದ. ಲವೀನಾ ಆಲೂಗಡ್ಡೆ ಸುಲಿಯುತ್ತಿದ್ದಳು. ಊರಿನ ಎಷ್ಟೋ ಬಾಗಿಲುಗಳಲ್ಲಿ ಅವನು ಹಾಗೆ ನಿಂತದ್ದನ್ನು ಅವಳು ಕಂಡವಳು. ಅವನು ಬಾಯಿ ತೆರೆಯುವ ಮೊದಲೇ ಚಾಕು ಕೆಳಗಿಟ್ಟಳು.

"ಈ ಮನೆಯಿಂದ ಯಾರು..." ಎಂದು ಅವನು ಶುರುಮಾಡಿದ.

"ಈ ಮನೆಯಿಂದ ಯಾರೂ ಎಲ್ಲಿಗೂ ಹೋಗಿಲ್ಲ," ಎಂದಳು ಲವೀನಾ. "ಟೋಪಿ ಹಾಕ್ಕೊ, ತಲೆಗೆ ಥಂಡಿ ಆಗುತ್ತೆ."

ಊಟಕ್ಕೆ ಕೂತಾಗ ಅವನು ಹಾರ್ಲನ್ ಬಂದದ್ದನ್ನೂ ಹೇಳಿದ್ದನ್ನೂ ಬಿಡಿಸಿ ಹೇಳಿದ. ತಪ್ಪು ರಾಗದ ಮಾತೊಂದನ್ನು ಬಿಟ್ಟು. ಮಗ ಹೋದದ್ದನ್ನು ಲವೀನಾಳ ಮೈ ಆಗಲೇ ಒಪ್ಪಿಕೊಂಡಿತ್ತು ಎಂದು ಎಫ್ರಾಯಿಮ್‌ಗೆ ಕಂಡಿತು. ಭುಜಗಳು ಇಳಿದುಹೋಗಿದ್ದವು. ಹೆಂಡತಿ ಎಂಬ ಮಾತಿಗೆ ಮಾತ್ರ ತಲೆ ಎತ್ತಿದಳು.

"ಸುಳ್ಳು."

"ಮೇರಿಲ್ಯಾಂಡಿಗೆ ಹೋಗಿ ನ್ಯಾಯಾಧೀಶನ ಮುಂದೆ ಆಗಿದ್ದಂತೆ, ಹೊರಡೋ ವಾರ. ಗಿರಣಿಯ ಹುಡುಗಿ. ಹುದಾಕ್ ಅಂತ ಮನೆತನ."

"ಮದುವೆ ಆಗಿದ್ರೆ ನಂಗೆ ಹೇಳ್ತಿದ್ದ. ಹಲ್ಲು ಅಲ್ಲಾಡಿದ್ರೂ ನಂಗೆ ಹೇಳಿದ ಮಗ ಅವ್ನು." ಅವಳು ತಟ್ಟೆಯನ್ನು ಅತ್ತ ನೂಕಿದಳು. "ಊದಲೇಬೇಕು ಅಂದ್ರೆ ಊದು, ಬೇಡ ಅನ್ನಲ್ಲ. ಮದುವೆ ಆಗದ ಗಂಡಸರ ರಾಗ ಊದು. ಬೇರೇದು ಊದಿದ್ರೆ ಗೋಪುರದಲ್ಲೇ ಇದ್ದುಬಿಡು, ಕೆಳಗಿಳೀಬೇಡ."

ಇಲ್ಲಿ ಒಂದು ಮಾತು ಹೇಳಬೇಕು. ಹೂಳಲು ದೇಹವಿಲ್ಲ, ಚಪ್ಪಡಿ ಹಾಕಲು ಗುಂಡಿಯಿಲ್ಲ. ರೂಬೆನ್ ಬೈಟೆಲ್‌ಗೆ ಈ ಊರು ಕೊಡಬಹುದಾಗಿದ್ದದ್ದು ಆ ರಾಗ ಒಂದೇ. ಅದೂ ತಪ್ಪಾಗಿ ಹೋದರೆ ಅವನದು ಎನ್ನುವಂಥದ್ದು ಏನೂ ಉಳಿಯುವುದಿಲ್ಲ. ಸರಿಯಾಗಿ ಊದಿದರೆ, ತಾಯಿಗೆ ಹೆದರಿ ಮಗ ಮದುವೆಯನ್ನೇ ಮುಚ್ಚಿಟ್ಟ ಎಂಬುದನ್ನು ಊರಿಗೆಲ್ಲ ಕೇಳುವಂತೆ ಸಾರಿದ ಹಾಗೆ. ಲವೀನಾ ಹೆದರಿದ್ದು ಊರಿಗಲ್ಲ, ತನ್ನ ಕಿವಿಗೆ.

ಮಾರನೆಯ ವಾರ ಎಫ್ರಾಯಿಮ್ ನದಿಯಾಚೆಗೆ ಬಸ್ಸು ಹಿಡಿದ. ಗಿರಣಿ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಒಬ್ಬಳನ್ನು ಕೇಳಿದ, ಅವಳು ಇನ್ನೊಬ್ಬಳನ್ನು ಕೂಗಿದಳು. ಮಿಲ್ಕಾ ಗಿಡ್ಡನೆಯ, ಅಗಲ ಮುಖದ ಹುಡುಗಿ. ರೇಷ್ಮೆಯ ಎಳೆಗಳು ತೋಳಿಗೆಲ್ಲ ಅಂಟಿಕೊಂಡಿದ್ದವು. ಅವನನ್ನು ನೋಡಿದ್ದೇ ಯಾರೆಂದು ಗುರುತಿಸಿದಳು. ಅದೇ ಕಿವಿ, ಅದೇ ಕತ್ತು.

"ಸತ್ತಿದ್ದಾನೆ ಅಂತ ಹೇಳೋಕೆ ಬಂದ್ರಾ?" ಎಂದಳು.

"ಹೌದಮ್ಮ."

ಅವಳು ಅಳಲಿಲ್ಲ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ತೋಳಿನ ಎಳೆಗಳನ್ನು ಒಂದೊಂದಾಗಿ ಕಿತ್ತಳು. ಎಫ್ರಾಯಿಮ್ ಪಕ್ಕದಲ್ಲಿ ಕೂತ. ಅವಳೇ ಮಾತಾಡಿದಳು. ಮನೆಯಲ್ಲಿ ಅಪ್ಪನಿಗೆ ಗೊತ್ತಿಲ್ಲ. ಪಾದ್ರಿಯ ಹತ್ತಿರ ಹೇಳಿಕೊಂಡರೆ, ಚರ್ಚಿನಲ್ಲಿ ಆಗದ ಮೇಲೆ ಅದು ಮದುವೆಯೇ ಅಲ್ಲ ಎಂದರಂತೆ.

"ನಮ್ ಕಡೆ ನಾನು ಹೆಂಡ್ತಿ ಅಲ್ಲ. ನಿಮ್ ಕಡೆ ನಾನು ಯಾರು ಅಂತಾನೇ ಗೊತ್ತಿಲ್ಲ. ನಂಗೇನೂ ಬೇಡ ಮಾವ. ನಿಮ್ಮೂರಲ್ಲಿ ಮೇಲಿಂದ ಊದ್ತೀರಂತಲ್ಲ, ಅವ್ನು ಹೇಳಿದ್ದ. ಒಂದು ಸಲ ಅದರಲ್ಲಿ ನಿಜ ಹೇಳಿಬಿಟ್ರೆ ಸಾಕು."

ಮಾವ ಎಂದು ಅವನನ್ನು ಅದುವರೆಗೆ ಯಾರೂ ಕರೆದಿರಲಿಲ್ಲ. ಮಿಲ್ಕಾ ಅಂಗಿಯ ಕತ್ತಿನೊಳಗಿನಿಂದ ಒಂದು ದಾರ ಎಳೆದಳು. ದಾರದ ತುದಿಯಲ್ಲಿ ತುಟಿಬಟ್ಟಲು ಇತ್ತು.

"ಉಂಗುರಕ್ಕೆ ಆಗ ದುಡ್ಡಿರ್ಲಿಲ್ಲ. ಇದನ್ನ ಇಟ್ಕೊ, ಇದಿಲ್ದೆ ನಾನು ಊದೋಕೆ ಆಗಲ್ಲ, ಅದಕ್ಕಾದ್ರೂ ವಾಪಸ್ ಬರ್ಲೇಬೇಕಾಗುತ್ತೆ ಅಂದಿದ್ದ."

ಎಫ್ರಾಯಿಮ್ ಕೈ ಚಾಚಿದ, ಮತ್ತೆ ಹಿಂತೆಗೆದ. ಅಷ್ಟು ಕಾಲ ಹುಡುಕಿದ ವಸ್ತು. ಮೈಬಿಸಿಗೆ ಬೆಚ್ಚಗಿದ್ದಿರಬೇಕು. ಅವನೊಳಗಿನ ಸಂಗ್ರಾಹಕ ಕೊಡು ಎಂದು ಕೂಗುತ್ತಿದ್ದ, ಅಪ್ಪನಿಗೆ ಕೇಳಲು ಬಾಯಿ ಬರಲಿಲ್ಲ. ಬಸ್ಸು ಬಂದಾಗ ಅವಳ ತಲೆಯ ಮೇಲೆ ಕೈಯಿಟ್ಟು ಹೊರಟ.

ಮನೆಯಲ್ಲಿ ಲವೀನಾ ಇಸ್ತ್ರಿ ಹಾಕುತ್ತಿದ್ದಳು. "ನೋಡ್ಕೊಂಡು ಬಂದ್ಯಾ?" ಎಂದಳು ತಿರುಗದೆ.

"ಬಂದೆ. ಬಟ್ಟಲು ಅವಳ ಕೊರಳಲ್ಲಿದೆ."

ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೆ ನಿಂತಿತು. ನಿಂತೇ ಇತ್ತು. ಬಟ್ಟೆ ಸುಟ್ಟ ವಾಸನೆ ಬಂದಾಗ ಎಫ್ರಾಯಿಮನೇ ಹೋಗಿ ಅವಳ ಕೈಯಿಂದ ಅದನ್ನು ಬಿಡಿಸಿ ಎತ್ತಿಟ್ಟ. ರೂಬೆನ್‌ನ ಅಂಗಿ ಅದು. ಜೇಬಿನ ಕೆಳಗೆ ಕಂದು ಕಲೆ ಬಿದ್ದಿತ್ತು.

"ನಂಗೆ ಮುಟ್ಟೋಕೂ ಬಿಡ್ತಿರ್ಲಿಲ್ಲ," ಎಂದಳು ಲವೀನಾ.

ಆಗ ಅವನು ಉಳಿಸಿಟ್ಟುಕೊಂಡಿದ್ದ ಮಾತನ್ನೂ ಹೇಳಿದ, ರೂಬೆನ್ ನಗುತ್ತ ಹೇಳಿದ್ದ ಆ ತಪ್ಪು ರಾಗದ ಮಾತನ್ನು. ಹೇಳಿದ ಮೇಲೆ, ಹೇಳಬಾರದಿತ್ತು ಎನಿಸಿತು. ಲವೀನಾ ಸುಟ್ಟ ಅಂಗಿ ಮಡಚಿಕೊಂಡು ಮಗನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳಿಗೆ ಸಿಟ್ಟು ಬಂದಿದ್ದರೆ ಅವನು ಸಹಿಸುತ್ತಿದ್ದ. ಒಳಗಿನಿಂದ ಅವಳು ಅಳುವುದು ಕೇಳುತ್ತಿತ್ತು, ಅದನ್ನು ಹೇಗೆ ಸಹಿಸುವುದೆಂದು ಅವನಿಗೆ ಗೊತ್ತಿರಲಿಲ್ಲ. ಅವತ್ತು ಊಟದ ಮೇಜಿನಲ್ಲಿ ನಾನೂ ನಕ್ಕಿದ್ದೆನಲ್ಲ ಎಂದು ಬಾಗಿಲಿಗೇ ಹೇಳಿ ಅಲ್ಲಿಂದ ಬಂದ.

ಆಮೇಲಿನ ದಿನಗಳಲ್ಲಿ ಅಂಗಡಿಯ ಹಿಂದಿನಿಂದ ವಿಚಿತ್ರ ಸದ್ದು ಬರತೊಡಗಿತು. ಎಫ್ರಾಯಿಮ್ ಯಾವುದೋ ಬದಲಿ ಬಟ್ಟಲು ಸಿಕ್ಕಿಸಿಕೊಂಡು ಕಿರಿಯದನ್ನು ಊದಲು ಕಲಿಯುತ್ತಿದ್ದ. ದೊಡ್ಡದಕ್ಕೆ ಒಗ್ಗಿದ ತುಟಿ ಈ ಸಣ್ಣದಕ್ಕೆ ಬಗ್ಗುತ್ತಿರಲಿಲ್ಲ.

"ಬೈಟೆಲಣ್ಣ, ಬಾತುಕೋಳಿ ಸಾಕಿದ್ದೀಯಾ?" ಎಂದು ಕೇಳಿದ ಓವೆನ್ ಕ್ಲೆವೆಲ್, ಬಾಗಿಲಲ್ಲಿ ಇಣುಕಿ. ಗೋಪುರದಲ್ಲಿ ಅವನದು ಮೂರನೆಯ ವಾದ್ಯ. ಒಳಗಿನ ಮುಖ ನೋಡಿ ಅವನ ನಗು ಇಳಿಯಿತು. "ಟ್ರಂಪೆಟ್ಟಿನಲ್ಲಿ ಊದಿಸಿದ್ರೆ ಆಗಲ್ವಾ?"

"ರೂಬೆನ್‌ಗೆ ಅದು ಬೇಡ."

"ಹಾಗಾದ್ರೆ ದೊಡ್ಡದನ್ನ ನನ್ನ ತಮ್ಮ ಹಿಡೀತಾನೆ. ಯಾವಾಗ ಅಂತ ಹೇಳು, ಒಲೆಯೊಳಗೆ ಬನ್ನಿದ್ರೂ ಬಿಟ್ಟು ಬರ್ತೀವಿ." ಯಾವ ರಾಗ ಎಂದು ಕ್ಲೆವೆಲ್ ಕೇಳಲಿಲ್ಲ. ಊರಿಗೆ ಅಷ್ಟರಲ್ಲಿ ಗುಸುಗುಸು ಗೊತ್ತಾಗಿತ್ತು. ಯಾರೂ ಕೇಳುತ್ತಿರಲಿಲ್ಲ, ಎಲ್ಲರೂ ಕಾಯುತ್ತಿದ್ದರು.

ಲವೀನಾ ಹೊದಿಕೆ ಬದಲಾಯಿಸದ ಮೊದಲ ಶನಿವಾರ ಬಂತು. ಅವತ್ತು ಬೆಳಿಗ್ಗೆ ಎಫ್ರಾಯಿಮ್ ಕಲ್ಲಿದ್ದಲು ತರಲು ಹಿತ್ತಿಲಿಗೆ ಹೋದ. ತಿರುಗಿ ಬಂದಾಗ ಅಡುಗೆಮನೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು.

"ಲವೀನಾ?"

"ಅವಳನ್ನ ಕರ್ಕೊಂಡು ಬಾ," ಎಂದಳು ಒಳಗಿನಿಂದ. "ಬಟ್ಟಲು ತರೋಕೆ ಹೇಳು. ಕರ್ಕೊಂಡು ಬಂದು, ಆಮೇಲೆ ಬಂದು ಕೇಳು. ಹೋದ ಸಲದ ಹಾಗೆ ಅರ್ಧಕ್ಕೆ ನಿಲ್ಲಿಸ್ಬೇಡ. ಬೇರೆಯವರ ಮನೇಲಿ ಹೇಗೆ ಕೇಳ್ತೀಯೋ ಹಾಗೆ ಕೇಳು."

ಅವನು ಕಲ್ಲಿದ್ದಲ ಮಸಿ ಕೈಯಲ್ಲೇ ಬಸ್ಸಿಗೆ ಓಡಿದ.

ಮಿಲ್ಕಾ ಕಪ್ಪು ಕೋಟು ಹಾಕಿಕೊಂಡು ಬಂದಳು. ಹಿತ್ತಿಲ ಕಡೆ ತಿರುಗಿದ ಎಫ್ರಾಯಿಮ್‌ನ ಹಿಂದೆ ಅವಳೂ ಹೆಜ್ಜೆ ಹಾಕುತ್ತಿದ್ದಾಗ ಮನೆಯ ಮುಂಬಾಗಿಲು ತೆರೆಯಿತು. ಲವೀನಾ ನಿಂತಿದ್ದಳು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿದರು.

"ಈ ಕಡೆಯಿಂದ ಬಾ," ಎಂದಳು ಲವೀನಾ. "ಹಿತ್ತಿಲಿಂದ ಅವ್ನು ಬರ್ಲಿ."

ಎಫ್ರಾಯಿಮ್ ಸುತ್ತಿ ಹೋಗಿ ಅಡುಗೆಮನೆಯ ಬಾಗಿಲ ಹೊರಗೆ ಟೋಪಿ ತೆಗೆದು ನಿಂತ. ಬಾಗಿಲು ತೆರೆದಿತ್ತು, ಒಳಗೆ ಮಿಲ್ಕಾ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಲವೀನಾ ಹೊಸ್ತಿಲ ಒಳಗೆ ಬಂದು ನಿಂತಳು. ಮದುವೆಯಾದಂದಿನಿಂದ ಅವಳ ಎದುರು ಅವನು ಇಷ್ಟು ಹೆದರಿರಲಿಲ್ಲ.

"ಈ ಮನೆಯಿಂದ ಯಾರು ಮನೆಗೆ ಹೋ..." ಲವೀನಾ ಕಾದಳು. ಅವನು ಮತ್ತೆ ಮೊದಲಿನಿಂದ ಕೇಳಿದ. "ಈ ಮನೆಯಿಂದ ಯಾರು ಮನೆಗೆ ಹೋದರು? ಯಾವ ಬಳಗದವರು?"

"ರೂಬೆನ್ ಬೈಟೆಲ್," ಎಂದಳು ಲವೀನಾ. "ನನ್ನ ಮಗ." ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಮದುವೆಯಾದ ಗಂಡಸರ ಬಳಗ."

ಗೋಪುರದ ಮೇಲೆ ಗಾಳಿ ಬೀಸುತ್ತಿತ್ತು. ಕ್ಲೆವೆಲ್, ಅವನ ತಮ್ಮ, ಇನ್ನೊಬ್ಬ ಹಳೆಯವನು ತಮ್ಮತಮ್ಮ ವಾದ್ಯ ಹಿಡಿದು ನಿಂತಿದ್ದರು. ನಾಲ್ಕು ಒಡಹುಟ್ಟಿದವೂ ಒಟ್ಟಿಗೆ ಮೇಲೆ ಬಂದು ವರ್ಷಗಳಾಗಿದ್ದವು. ಮಿಲ್ಕಾ ಕೊರಳಿಂದ ಬಿಚ್ಚಿಕೊಟ್ಟ ಬಟ್ಟಲನ್ನು ಎಫ್ರಾಯಿಮ್ ಅಂಗೈಯಲ್ಲಿ ಬಿಸಿ ಮಾಡಿಕೊಂಡು ಕಿರಿಯದಕ್ಕೆ ಸಿಕ್ಕಿಸಿದ. ಅದು ತನ್ನ ಜಾಗಕ್ಕೆ ಹೋಗಿ ಕೂತಿತು.

ಮೊದಲ ರಾಗ ಒರಟಾಗಿಯೇ ಬಂತು. ಶ್ರುತಿ ಎರಡು ಕಡೆ ಜಾರಿತು. ಬೀದಿಗಳಲ್ಲಿ ಬಾಗಿಲುಗಳು ತೆರೆದವು, ಜನ ಹೊರಗೆ ಬಂದು ಮೇಲೆ ನೋಡುತ್ತ ನಿಂತರು. ರಾಗ ಮುಗಿದಾಗ ಎಫ್ರಾಯಿಮ್ ವಾದ್ಯವನ್ನು ತುಟಿಯಿಂದ ತೆಗೆದ. ಇನ್ನೊಂದು ಉಸಿರು ಎಳೆದುಕೊಂಡು ಊದಿದರೆ ಮಗ ನಿಜವಾಗಿಯೂ ಸತ್ತುಹೋಗುತ್ತಾನೆ ಎನ್ನಿಸಿತು. ತಂತಿ ಬಂದಾಗ ಸತ್ತಿರಲಿಲ್ಲ, ಹಾರ್ಲನ್ ಬಂದು ಹೇಳಿದಾಗಲೂ ಪೂರ್ತಿ ಸತ್ತಿರಲಿಲ್ಲ. ಈಗ ಕೊಲ್ಲಬೇಕಾದವನು ತಾನೇ. ಕ್ಲೆವೆಲ್ ಅವನ ಬೆನ್ನ ಮೇಲೆ ಕೈಯಿಟ್ಟ. ಎಫ್ರಾಯಿಮ್ ಉಸಿರು ಎಳೆದುಕೊಂಡು ಮದುವೆಯಾದ ಗಂಡಸರ ರಾಗವನ್ನು ಊದಿದ. ಅದು ಜಾರಲಿಲ್ಲ. ಕೆಳಗೆ ನಿಂತವರು ಅದು ರೂಬೆನನೇ ಊದಿದ ಹಾಗಿತ್ತು ಎಂದು ಆಮೇಲೆ ಹೇಳಿದರು, ಅದು ಒಳ್ಳೆಯ ಮನಸ್ಸಿನ ಸುಳ್ಳು. ಆದರೆ ರಾಗ ಸರಿಯಾಗಿತ್ತು. ಮೂರನೆಯದನ್ನು ಹೇಗೆ ಊದಿದೆನೆಂಬುದು ಅವನಿಗೆ ನೆನಪಿಲ್ಲ.

ಅವನು ಮನೆಗೆ ಬರುವಷ್ಟರಲ್ಲಿ ಹೆಂಗಸರು ಮುಚ್ಚಿದ ತಟ್ಟೆಗಳನ್ನು ಹಿಡಿದು ಬಂದಿದ್ದರು. ಮುಂದಿದ್ದವಳು ಕ್ಲೆವೆಲ್‌ನ ಹೆಂಡತಿ. ಮೊದಲು ವಿಧವೆಯ ಕೈ ಹಿಡಿಯುವುದು, ಆಮೇಲೆ ತಾಯಿಯದು, ಇದು ಪದ್ಧತಿ. ಅವಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಮಿಲ್ಕಾಳ ಕಡೆ ನೋಡಿದಳು, ಲವೀನಾಳ ಕಡೆ ಕೈ ಚಾಚಿದಳು.

ಲವೀನಾ ಆ ಕೈಯನ್ನು ಹಿಡಿದು ಮಿಲ್ಕಾಳ ಕಡೆ ತಿರುಗಿಸಿದಳು. "ಮೊದ್ಲು ಅವಳಿಗೆ," ಎಂದಳು.

ಆಗ ಮಿಲ್ಕಾ ಅತ್ತಳು. ಗಿರಣಿಯ ಗೇಟಿನಲ್ಲಿ ಅಳದವಳು ಊರಿನ ಹೆಂಗಸರ ನಡುವೆ ಕೂತು ಮುಖ ಮುಚ್ಚಿಕೊಳ್ಳದೆ ಅತ್ತಳು. ಬಂದವರೆಲ್ಲ ಒಬ್ಬೊಬ್ಬರಾಗಿ ಅವಳ ಕೈ ಹಿಡಿದರು, ನಮ್ಮ ರೂಬೆನ್‌ನ ಹೆಂಡತಿ ಎಂದರು. ಲವೀನಾ ತನ್ನ ಸರದಿ ಬರುವವರೆಗೆ ಒಲೆಯ ಪಕ್ಕ ನಿಂತಿದ್ದಳು.

ಸಂಜೆಯ ಬಸ್ಸಿಗೆ ಹೊರಡುವಾಗ ಮಿಲ್ಕಾ ಅಂಗಡಿಯ ಹಿಂದಿನ ಕೋಣೆಗೆ ಬಂದಳು. ಮಖಮಲ್ಲಿನ ಮೇಲೆ ಕಿರಿಯದು ಬಟ್ಟಲಿನೊಂದಿಗೆ ಮಲಗಿತ್ತು. ನಾಲ್ಕೂ ಪೂರ್ತಿಯಾಗಿದ್ದವು. ಅವಳು ಬಾಗಿ ಬಾಯಂಚಿನ ದೇವದೂತನ ಮುಖವನ್ನು ಬೆರಳಿಂದ ಮುಟ್ಟಿದಳು.

"ಇದು ಇಲ್ಲೇ ಇರ್ಬೇಕಾದ್ದು ಮಾವ. ಇಲ್ದಿದ್ರೆ ಊದೋಕಾಗಲ್ಲ."

ಎಫ್ರಾಯಿಮ್ ಬಟ್ಟಲನ್ನು ಹೊರಕ್ಕೆ ತಿರುಗಿಸಿ ತೆಗೆದ. ಕರವಸ್ತ್ರದಲ್ಲಿ ಒರೆಸಿದ. ಅಟ್ಟದಲ್ಲಿ ಸಿಕ್ಕಾಗ ಅವನಿಗೆ ಅಳು ತರಿಸಿದ ವಸ್ತು, ಇನ್ನು ಎಂದೂ ಸಿಗದ್ದು. ಅದಕ್ಕೆ ಅವಳ ದಾರವನ್ನು ಕಟ್ಟಿ, ಗಂಟು ಬಿಗಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿ, ಅವಳ ಕೊರಳಿಗೆ ಹಾಕಿದ.

"ಭದ್ರವಾಗಿದೆ ಅಂದಿದ್ದ ಅವ್ನು," ಎಂದ. "ನಾನು ನಂಬಿರ್ಲಿಲ್ಲ."

ಅವಳನ್ನು ಬಸ್ಸು ಹತ್ತಿಸಿ ಬಂದ ಮೇಲೆ ಅವನು ಕಿರಿಯದನ್ನು ಮತ್ತೆ ಊದಲಿಲ್ಲ.